ಕಬ್ಬಿನ ತೊಟ್ಟಿಲು

ಬೆಲ್ಲ ಕುದಿಯುವ ವಾಸನೆಗೆ ಎಲ್ಲರ ಬಾಯಲ್ಲೂ ನೀರೂರುತ್ತದೆ. ನನಗೆ ಮಾತ್ರ ಬಲಗೈ ಮುಷ್ಟಿ ತಾನಾಗಿ ಬಿಗಿಯುತ್ತದೆ. ಮೊನ್ನೆ ಮಹಾಲಿಂಗಪುರದಲ್ಲಿ ಮದುವೆಯೊಂದನ್ನು ಮುಗಿಸಿಕೊಂಡು ಮುಧೋಳದ ಬಸ್ಸಿನಲ್ಲಿ ಬರುತ್ತಿದ್ದೆ. ಕಾಲುವೆ ದಾಟಿದ್ದೇ ತಡ, ಕಿಟಕಿಯಿಂದ ಆ ವಾಸನೆ ಒಳಗೆ ನುಗ್ಗಿತು. ಪಕ್ಕದಲ್ಲಿ ಕೂತಿದ್ದ ಹೆಣ್ಣುಮಗಳು, "ಏನ್ ಘಮಾ ಘಮಾ ಅಂತೇತ್ರಿ!" ಎಂದು ಮೂಗು ಅರಳಿಸಿದಳು. ನಾನು ಹೂಂ ಅಂದೆ. ಕೈ ನೋಡಿಕೊಂಡರೆ ಅದು ಸೀರೆಯ ಸೆರಗನ್ನು ಹಿಂಡಿ ಹಿಡಿದಿತ್ತು. ಕಂಡಕ್ಟರನಿಗೆ ಹೇಳಿ ಮುಂದಿನ ನಿಲುಗಡೆಯಲ್ಲಿ ಇಳಿದುಬಿಟ್ಟೆ. ಮನೆಯಿಂದ ಹೊರಡುವಾಗ ಅಲ್ಲಿ ಇಳಿಯುವ ಯೋಚನೆ ನನಗೆ ಇರಲಿಲ್ಲ.

ಆ ಊರಿನಲ್ಲಿ ನಾನು ಇದ್ದದ್ದು ಒಂದೇ ಒಂದು ಗಾಣದ ಹಂಗಾಮು, ಕಬ್ಬು ಅರೆದು ಬೆಲ್ಲ ಮಾಡುವ ಕಾಲ. ಹದಿನೆಂಟು ವರ್ಷದ ಹಿಂದೆ, ಎಪ್ಪತ್ತರ ದಶಕದ ಕೊನೆಯ ಮಾತು. ದೀಪಾವಳಿ ಮುಗಿಸಿ ನರ್ಸ್ ಆಗಿ ಬಂದವಳು ಯುಗಾದಿಗೆ ಮೊದಲೇ ಬದಲಿಯಾಗಿ ಹೋದೆ. ಹಾವೇರಿ ಕಡೆಯವಳಾದ ನನಗೆ ಇಲ್ಲಿಯ ಮಾತು ಹೊಸದಲ್ಲ, ಕಬ್ಬು ಹೊಸದು. ಆರೋಗ್ಯ ಉಪಕೇಂದ್ರ ಎಂದರೆ ಎರಡು ಖೋಲಿ, ಒಂದು ಮೇಜು, ಒಂದು ತೂಕದ ತಕ್ಕಡಿ, ಹೆರಿಗೆಯ ಪೆಟ್ಟಿಗೆ. ನನ್ನ ಕೆಲಸ ಬಸುರಿ ಬಾಣಂತಿಯರದು, ಚುಚ್ಚುಮದ್ದಿನದು, ಎಲ್ಲಕ್ಕಿಂತ ಹೆಚ್ಚಾಗಿ ಕುಟುಂಬ ಯೋಜನೆಯ ಆಪರೇಶನ್ನಿಗೆ ಜನರನ್ನು ಹೊರಡಿಸುವುದು. ಕೈಕಾಲು ಮುರಿದವರ ವಿಷಯ ನನಗೆ ಕೊಟ್ಟ ಯಾವ ರಜಿಸ್ಟರಿನಲ್ಲೂ ಇರಲಿಲ್ಲ.

ಬಂದ ಎಂಟನೇ ದಿನಕ್ಕೆ ಒಬ್ಬ ರೈತ ಬಾಗಿಲಲ್ಲಿ ನಿಂತಿದ್ದ. ಎಡಗೈಗೆ ಧೋತರದ ತುಂಡು ಸುತ್ತಿಕೊಂಡಿದ್ದ. ಬಿಚ್ಚಿದರೆ ಮೂರು ಬೆರಳು ಇರಲಿಲ್ಲ, ಗಾಣಕ್ಕೆ ಸಿಕ್ಕಿ ಹೋಗಿದ್ದವು. ಗಾಯದ ತುಂಬ ಸುಣ್ಣ, ತಂಬಾಕು ಕಲಸಿ ತುಂಬಿದ್ದರು. ಅದನ್ನು ತೊಳೆದು ತೆಗೆಯಲು ನನಗೆ ಒಂದು ತಾಸು ಹಿಡಿಯಿತು. ಅವನು ಹಲ್ಲು ಕಚ್ಚಿಕೊಂಡು ಕೂತವನು ಕೊನೆಗೆ ಕೇಳಿದ್ದು ಒಂದೇ ಮಾತು: "ನಾಳಿ ಕಬ್ಬ ಕಡ್ಯಾಕ ಬರ್ತೇತೇನ್ರಿ ಬಾಯಾರ?"

ಅಲ್ಲಿ ನರ್ಸನ್ನು 'ನರ್ಸಬಾಯಿ' ಎನ್ನುತ್ತಾರೆ, ಎದುರಿಗೆ 'ಬಾಯಾರ'. ಆ ಬಾಯಾರ ಅವತ್ತು ಸಂಜೆಯೇ ಕೊಡೆ ಹಿಡಿದು ಗಾಣ ನೋಡಲು ಹೊರಟಳು. ಊರ ಸುತ್ತ ಒಂಬತ್ತು ಗಾಣ. ಹೋದಲ್ಲೆಲ್ಲ ಕಬ್ಬಿನ ಹಾಲು ಕುಡಿಸಿ, ಬಿಸಿ ಬೆಲ್ಲವನ್ನು ಎಲೆಯಲ್ಲಿ ಕೊಟ್ಟು, ನಾನು ಹೇಳುವುದನ್ನೆಲ್ಲ ತಲೆಯಾಡಿಸಿ ಕೇಳಿದರು. ಗಾಣಕ್ಕೆ ಬಂದವರು ಬರಿಗೈಯಲ್ಲಿ ಹೋಗಬಾರದೆಂಬ ಪದ್ಧತಿ. ಹೊಟ್ಟೆ ತುಂಬಿಸಿಕೊಂಡು, ಒಬ್ಬರ ಮನಸ್ಸನ್ನೂ ತಿರುಗಿಸದೆ ಬರುತ್ತಿದ್ದೆ.

ಒಂಬತ್ತನೆಯ ಗಾಣ ರಾಮಪ್ಪನದು. ಅವನದು ಹೊಸ ಡೀಸೆಲ್ ಇಂಜಿನ್ನಿನ ಗಾಣ. ಎರಡು ವರ್ಷದ ಹಿಂದಿನವರೆಗೂ ಎತ್ತು ಕಟ್ಟಿ ತಿರುಗಿಸುತ್ತಿದ್ದರಂತೆ. ಎತ್ತು ಹೋಗಿ ಇಂಜಿನ್ ಬಂದಿತ್ತು, ಉಳಿದದ್ದೆಲ್ಲ ಹಾಗೆಯೇ ಇತ್ತು. ಕಬ್ಬು ಉಣಿಸುವವರು ಅದೇ ಹಳೆಯ ಕಲ್ಲಿನ ಮೇಲೆ, ಕಬ್ಬು ಹಿಂಡುತ್ತ ತಿರುಗುವ ಉಕ್ಕಿನ ಉರುಳೆಗಳಿಗೆ, ಅವರ ಮಾತಿನಲ್ಲಿ ರೂಲುಗಳಿಗೆ, ಗೇಣುದ್ದದ ಹತ್ತಿರ ಕೂಡುತ್ತಿದ್ದರು. ಕೂತವಳು ಗಂಗವ್ವ. ಐವತ್ತರ ಆಜೂಬಾಜು, ರಾಮಪ್ಪನ ದೂರದ ಸಂಬಂಧಿ. ಗಂಡ ಇದೇ ಕಲ್ಲಿನ ಮೇಲೆ ಕೂತು ಇಪ್ಪತ್ತು ವರ್ಷ ಕಬ್ಬು ಉಣಿಸಿದ್ದ, ಅವನು ಹೋದ ಮೇಲೆ ಇವಳು ಕೂತಿದ್ದಳು. ಒಂದು ಕೈಯಿಂದ ಕಬ್ಬು ಎಳೆದುಕೊಂಡು ಇನ್ನೊಂದರಿಂದ ದೂಡುವ ಅವಳ ವೇಗಕ್ಕೆ ನನ್ನ ಕಣ್ಣು ನಿಲ್ಲುತ್ತಿರಲಿಲ್ಲ.

"ಕೈ ಸಿಕ್ಕರ ಏನ್ ಮಾಡ್ತೀರಿ ಗಂಗವ್ವಾ?" ಎಂದು ಕೇಳಿದೆ.

"ಎತ್ತಿದ್ದಾಗ ಹೋ ಅಂದ್ರ ನಿಲ್ತಿದ್ವುರಿ. ನಮ್ಮನಿಯವ್ರದು ಒಮ್ಮಿ ಅಂಗಿ ತೋಳ ಸಿಕ್ಕಿತ್ತು. ಹೋ ಅಂದ್ರು, ಅಲ್ಲೇ ನಿಂತ್ವು. ಎತ್ತಿಗೆ ಕಿವಿ ಅದಾವ. ಈ ಇಂಜಿನ್ನಿಗೆ ಎಲ್ಲಿ ಕಿವಿ?" ಎಂದು ನಕ್ಕಳು. ನಗುತ್ತಲೇ ಇನ್ನೊಂದು ಕಬ್ಬು ದೂಡಿದಳು.

ಇಂಜಿನ್ ನಿಲ್ಲಿಸಬೇಕಾದರೆ ಕೊಪ್ಪರಿಗೆ ಕುದಿಯುವ ಒಲೆಯನ್ನು ಸುತ್ತಿಕೊಂಡು ಆಚೆಯ ಗುಡಿಸಲಿಗೆ ಓಡಬೇಕಿತ್ತು. ನಾನು ಹೆಜ್ಜೆ ಎಣಿಸಿದೆ, ಇಪ್ಪತ್ತೆರಡು. ಅಷ್ಟರಲ್ಲಿ ಒಂದು ಇಡೀ ಕಬ್ಬು ರೂಲಿನ ಒಳಗೆ ಹೋಗಿ ಸಿಪ್ಪೆಯಾಗಿ ಆಚೆ ಬೀಳುತ್ತಿತ್ತು.

ಮೇಲಿನವರಿಗೆ ಬರೆದೆ. ಇದು ನಮ್ಮ ಇಲಾಖೆಯ ಕೆಲಸವಲ್ಲ, ಈ ತಿಂಗಳ ಆಪರೇಶನ್ ಕೇಸುಗಳು ಕಡಿಮೆಯಾಗಿವೆ, ಅದರ ಕಡೆ ಲಕ್ಷ್ಯ ಕೊಡಿ ಎಂದು ಉತ್ತರ ಬಂತು. ಸಿಟ್ಟು ಬಂದದ್ದು ನಿಜ. ಮೂವತ್ತರೊಳಗಿನ ಸಿಟ್ಟು, ಕೂಡಲು ಬಿಡುವುದಿಲ್ಲ. ಊರ ಬಡಿಗ ಮೋನಪ್ಪನನ್ನು ಕರೆದುಕೊಂಡು ರಾಮಪ್ಪನ ಗಾಣಕ್ಕೆ ಹೋದೆ. ರೂಲಿನ ಮುಂದೆ ನಾಲ್ಕು ಕಡೆ ಹಲಗೆ ಮುಚ್ಚಿದ ಉದ್ದನೆಯ ಪೆಟ್ಟಿಗೆ ಕೂಡಿಸಬೇಕು, ಕಬ್ಬು ಈ ಬಾಯಿಂದ ಹೋಗಿ ಆ ಬಾಯಲ್ಲಿ ರೂಲಿಗೆ ಸಿಗಬೇಕು, ಕೈ ಎಷ್ಟು ಚಾಚಿದರೂ ರೂಲು ಮುಟ್ಟಬಾರದು. ಅಳತೆಗೆ ನನ್ನ ತೋಳನ್ನೇ ಚಾಚಿ ನಿಂತೆ. ಮೋನಪ್ಪ ಭುಜದಿಂದ ಬೆರಳ ತುದಿಯವರೆಗೆ ದಾರ ಹಿಡಿದು, "ಇದರ ಮ್ಯಾಲ ಒಂದ್ ಗೇಣ ಹೆಚ್ಚಿಗಿ ಇರ್ಲಿ ಬಿಡ್ರಿ, ಗಂಗವ್ವನ ಕೈ ಉದ್ದ" ಎಂದ.

ನಾಲ್ಕು ದಿನಕ್ಕೆ ಬೇವಿನ ಹಲಗೆಯ ಪೆಟ್ಟಿಗೆ ಬಂತು. ಗಂಗವ್ವ ಅದನ್ನು ಸುತ್ತಿ ಬಂದು ಸೊಂಟಕ್ಕೆ ಕೈಯಿಟ್ಟು ನಿಂತಳು. "ಏನ್ರಿ ಬಾಯಾರ, ಕಬ್ಬಿಗೆ ತೊಟ್ಟಲಾ ಮಾಡ್ಸೀರೇನ? ಕಾಶವ್ವಂದ ಹೆರಗಿ ಆಗೂತನಾ ತಡೀಬೇಕಿಲ್ಲ?" ಕಾಶವ್ವ ಅವಳ ಒಬ್ಬಳೇ ಮಗಳು, ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ಗಾಣದವರೆಲ್ಲ ನಕ್ಕರು. ಅಂದಿನಿಂದ ಅದರ ಹೆಸರು ಕಬ್ಬಿನ ತೊಟ್ಟಿಲು ಎಂದೇ ಆಯಿತು. ನಕ್ಕರೂ ಅದನ್ನು ಹಾಕಿ ನಡೆಸಿದರು. ರಾಮಪ್ಪ ಇಂಜಿನ್ನಿನ ಹತ್ತಿರ ಒಬ್ಬ ಆಳನ್ನು ಸದಾ ನಿಲ್ಲಿಸುವುದಾಗಿ ಮಾತು ಕೊಟ್ಟ. ಗಾಯವಾದರೆ ಸುಣ್ಣ ಹಚ್ಚಬೇಡಿ, ಮಡಿ ಅರಿವೆ ಇಟ್ಟು ಒತ್ತಿ ಹಿಡಿಯಿರಿ, ಕೈ ಮೇಲೆ ಎತ್ತಿ ಹಿಡಿಯಿರಿ ಎಂದು ಕಲಿಸಿದೆ. ಗಂಗವ್ವನ ಕೈಗೇ ಅರಿವೆ ಕಟ್ಟಿ ತೋರಿಸಿದೆ. ಅವಳು ಕೈ ಎತ್ತಿ ಹಿಡಿದು, "ಸಾಲ್ಯಾಗ ಉತ್ತರ ಬಂದ ಹುಡುಗರಂಗ ಆತಲ್ರಿ" ಎಂದಳು.

ಗಂಗವ್ವ ಮತ್ತು ನಾನು ಗೆಳತಿಯರಾದದ್ದು ಆ ದಿನಗಳಲ್ಲಿ. ಕಾಶವ್ವನನ್ನು ನೋಡಲು ವಾರಕ್ಕೊಮ್ಮೆ ಹೋಗುತ್ತಿದ್ದೆ, ರೊಟ್ಟಿ ತಿನ್ನಿಸದೆ ಕಳಿಸುತ್ತಿರಲಿಲ್ಲ. ಗಂಗವ್ವನಿಗೆ ಆ ವರ್ಷ ಒಂದೇ ಹಂಬಲ. "ನಮ್ಮವ್ವ ನನ್ನ ಬಾಣಂತನಕ್ಕ ಇರ್ಲಿಲ್ರಿ, ಮದ್ಲ ಹೋಗಿದ್ಳು. ಕೂಸಿನ್ನ ಯಾರ್ಯಾರೋ ಎರದ್ರು. ನನ್ನ ಮೊಮ್ಮಗುನ್ನ ಮಾತ್ರ ಈ ಕೈಲೇನ ಎರೀಬೇಕು. ಯಾರಿಗೂ ಮುಟ್ಟಗೊಡಂಗಿಲ್ಲ." ಕಾಲು ಚಾಚಿ ಕೂತು, ಕಾಲ ಮೇಲೆ ಇಲ್ಲದ ಕೂಸನ್ನು ಮಲಗಿಸಿ, ಒಂದು ಅಂಗೈಯಲ್ಲಿ ಅದರ ಕುತ್ತಿಗೆ ಹಿಡಿದು ಇನ್ನೊಂದರಲ್ಲಿ ಮೈ ತಿಕ್ಕುವುದನ್ನು ಆಡಿ ತೋರಿಸುತ್ತಿದ್ದಳು. ಕಾಶವ್ವ ನಾಚಿ ಒಳಗೆ ಹೋಗುತ್ತಿದ್ದಳು.

ಸಂಕ್ರಾಂತಿಯ ಹೊತ್ತಿಗೆ ಕಬ್ಬಿನಲ್ಲಿ ಹಾಲು ತುಂಬಿ ಗಾಣಗಳಿಗೆ ಬಿಡುವಿಲ್ಲ. ಬೆಳಗಿನ ಮಂಜಿಗೆ ಊರೆಲ್ಲ ಹೊಗೆ ಹಿಡಿದುಕೊಂಡು ಕೂತಿರುತ್ತಿತ್ತು. ಸಮೀರವಾಡಿಯ ಸಕ್ಕರೆ ಕಾರ್ಖಾನೆಗೆ ಕಬ್ಬು ಹೊತ್ತು ಹೋಗುವ ಎತ್ತಿನ ಚಕ್ಕಡಿಗಳ ಸಾಲು ರಸ್ತೆಯ ಮೇಲೆ ಹರಿಯುತ್ತಲೇ ಇರುತ್ತಿತ್ತು. ನಾನು ಖುಷಿಯಲ್ಲಿದ್ದೆ. ಒಂಬತ್ತರಲ್ಲಿ ಮೂರು ಗಾಣದವರು ತೊಟ್ಟಿಲು ಮಾಡಿಸಿದ್ದರು. ಒಂದೂ ಬೆರಳು ಹೋಗದೆ ಐದು ವಾರ ಕಳೆದಿದ್ದವು. ನನ್ನ ಬೆನ್ನು ನಾನೇ ತಟ್ಟಿಕೊಂಡು, ಮೇಲಿನವರಿಗೆ ಇನ್ನೊಂದು ಕಾಗದ ಬರೆಯುವುದಿತ್ತು.

ನಾನು ಒಂದನ್ನು ಮರೆತಿದ್ದೆ. ಕಬ್ಬೆಲ್ಲ ಉದ್ದ ಇರುವುದಿಲ್ಲ. ಮುರಿದವು, ತುದಿಯವು, ಮೊಳದುದ್ದದ ತುಂಡುಗಳು ಕೊನೆಗೆ ಉಳಿಯುತ್ತವೆ. ಅವನ್ನು ತೊಟ್ಟಿಲಿಗೆ ಹಾಕಿದರೆ ನಡುವೆಯೇ ಕೂತುಬಿಡುತ್ತಿದ್ದವು, ದೂಡಲು ಹಿಂದೆ ಇನ್ನೊಂದು ಕಬ್ಬು ಬೇಕು. ಕೊಪ್ಪರಿಗೆ ಕೊಪ್ಪರಿಗೆಗೂ ಕೊನೆಗೆ ಒಂದು ಮಡಿಲು ತುಂಡು ಉಳಿಯುತ್ತಿತ್ತು. ಅದನ್ನು ದನಕ್ಕೆ ಹಾಕಬಹುದಿತ್ತು. ಆದರೆ ಗಾಣಕ್ಕೆಂದು ಬಂದ ಕಬ್ಬನ್ನು ಹಾಲು ತೆಗೆಯದೆ ಬಿಡುವುದು ಆ ಜನಕ್ಕೆ ಸೇರದು, ಕಾಲಲ್ಲಿ ಅನ್ನ ತುಳಿದಷ್ಟು ಪಾಪ. ಆದ್ದರಿಂದ ಕೊನೆಯಲ್ಲಿ ಎರಡು ಮೊಳೆ ಕಿತ್ತು ತೊಟ್ಟಿಲನ್ನು ಬದಿಗಿಟ್ಟು, ತುಂಡುಗಳನ್ನು ಗಂಗವ್ವ ಹಿಂದಿನಂತೆ ಕೈಯಿಂದಲೇ ಉಣಿಸುತ್ತಿದ್ದಳು. ಇದು ದಿನಾ ನಡೆಯುತ್ತಿತ್ತು. ಯಾರೂ ನನಗೆ ಹೇಳಿರಲಿಲ್ಲ, ನಾನು ಯಾರನ್ನೂ ಕೇಳಿರಲಿಲ್ಲ.

ಅವತ್ತು ಮಧ್ಯಾಹ್ನ ಕಾಶವ್ವ ನನ್ನ ಉಪಕೇಂದ್ರದಲ್ಲಿ ತಕ್ಕಡಿಯ ಮೇಲೆ ನಿಂತಿದ್ದಳು. ರಾಮಪ್ಪ ಸೈಕಲ್ಲನ್ನು ಅಂಗಳದಲ್ಲೇ ಬೀಳಿಸಿ ಒಳಗೆ ಬಂದ. ಅವಳನ್ನು ಕಂಡು ಬಾಯಿ ತೆರೆಯದೆ ನನಗೆ ಬರೀ ತನ್ನ ಬಲಗೈಯನ್ನು ತೋರಿಸಿದ.

ಆದದ್ದು ಇಷ್ಟು. "ಪಾಕ ಬಂತು ಬರ್ರೋ!" ಎಂದು ಒಲೆಯ ಕಡೆಯಿಂದ ಕೂಗಿದ್ದಾರೆ. ಪಾಕ ಬಂತೆಂದರೆ ಗಾಣದಲ್ಲಿ ಯಾರಿದ್ದರೂ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಬೇಕು. ನಾಲ್ಕು ಜನ ಬೊಂಬು ತೂರಿಸಿ ಕೊಪ್ಪರಿಗೆ ಎತ್ತಿ ಸುರಿಯಬೇಕು, ತಡವಾದರೆ ಬೆಲ್ಲ ಹೊತ್ತುತ್ತದೆ. ಇಂಜಿನ್ನಿನ ಹತ್ತಿರ ನಿಂತ ಆಳೂ ಓಡಿದ್ದಾನೆ. ಗಂಗವ್ವ ಒಬ್ಬಳೇ ತುಂಡು ಉಣಿಸುತ್ತ ಉಳಿದಿದ್ದಾಳೆ. ಸೆರಗಿಗೋ ಬೆರಳಿಗೋ ರೂಲು ಕಚ್ಚಿದೆ. ಇಂಜಿನ್ನಿಗೆ ಕಿವಿಯಿಲ್ಲ ಎಂದು ನನಗೆ ಹೇಳಿಕೊಟ್ಟ ಅದೇ ಗಂಗವ್ವ, "ಹೋ! ಹೋ! ಹೋ!" ಎಂದು ಕೂಗಿದ್ದಾಳೆ.

"ನಮಗ ಕೇಳಿತ್ರಿ ಬಾಯಾರ," ಎಂದು ರಾಮಪ್ಪ ಓಡುತ್ತಲೇ ಹೇಳಿದ. "ಕೇಳಿತು, ತಿಳೀತು. ಕೊಪ್ಪರಗಿ ಹೆಗಲ ಮ್ಯಾಲಿತ್ತು. ಬಿಟ್ರ ನಾಕೂ ಮಂದಿ ಬೇಯ್ತಿದ್ವಿ. ಸುರದ ಓಡಿದ್ವಿ. ಸುರಿಯೂತನಾ ಆಕಿ ಹೋ ಅಂತನ ಇದ್ಳು."

ನಾನು ಹೋದಾಗ ಇಂಜಿನ್ ನಿಂತಿತ್ತು. ಗಂಗವ್ವ ಕಲ್ಲಿನ ಮೇಲೆ ಕೂತೇ ಇದ್ದಳು, ಕೈ ಮಣಿಕಟ್ಟಿನ ಮೇಲಿನವರೆಗೆ ರೂಲುಗಳ ನಡುವೆ ಇತ್ತು. ಯಾರೋ ಅವಳ ಬೆನ್ನಿಗೆ ಒರಗು ಕೊಟ್ಟು ಹಿಡಿದಿದ್ದರು. ನನಗೆ ಹೆರಿಗೆ ಮಾಡಿಸಲು ಬರುತ್ತಿತ್ತು, ಗಾಯ ತೊಳೆಯಲು ಬರುತ್ತಿತ್ತು. ಉಕ್ಕಿನೊಳಗಿನ ಕೈಯನ್ನು ಹೊರಗೆ ತೆಗೆಯುವುದು ಹೇಗೆಂದು ಯಾರೂ ಕಲಿಸಿರಲಿಲ್ಲ. ಒಬ್ಬರು ಹಿಂದಕ್ಕೆ ತಿರುಗಿಸೋಣ ಎಂದರು, ಒಬ್ಬರು ಬೇಡ ಎಂದರು, ಎಲ್ಲರೂ ನನ್ನ ಮುಖ ನೋಡಿದರು. ನಾನು ಆಗಲೇ ಓಡಿ ಬಂದಿದ್ದ ಮೋನಪ್ಪನ ಮುಖ ನೋಡಿದೆ. ಅವನು ಪಾನಾ ತಂದು ಮೇಲಿನ ರೂಲಿನ ಬೋಲ್ಟುಗಳನ್ನು ಬಿಚ್ಚತೊಡಗಿದ. ತುಕ್ಕು ಹಿಡಿದ ಬೋಲ್ಟುಗಳು. ಪ್ರತಿ ತಿರುವಿಗೂ ಗಂಗವ್ವನ ಮೈ ನಡುಗುತ್ತಿತ್ತು. ಅಷ್ಟರಲ್ಲೂ ಅವಳು, "ರಾಮಪ್ಪಾ, ಬೆಲ್ಲ ಹೊತ್ತಿಲ್ಲಲ್ಲೋ?" ಎಂದು ಕೇಳಿದಳು.

ಕೈ ಹೊರಗೆ ಬಂದ ಮೇಲೆ ಗಾಣದವರು ನಾನು ಕಲಿಸಿದ್ದನ್ನೆಲ್ಲ ತಪ್ಪಿಲ್ಲದೆ ಮಾಡಿದರು. ಸುಣ್ಣ ತರಲಿಲ್ಲ. ಒಗೆದ ಧೋತರ ಹರಿದು ಒತ್ತಿ ಹಿಡಿದರು. ಕೈ ಮೇಲೆತ್ತಿದರು. ನನ್ನ ಪಾಠ ಅಷ್ಟು ಚೆನ್ನಾಗಿ ಮುಟ್ಟಿತ್ತು. ಆ ಎತ್ತಿದ ಕೈಯನ್ನು ನೋಡಿ ನನಗೆ ಅವಳ ಸಾಲಿಯ ಹುಡುಗರ ಮಾತು ನೆನಪಾಗಿ, ಅಲ್ಲೇ ಕೂತು ಅತ್ತುಬಿಡಬೇಕೆನಿಸಿತು.

ಮುಧೋಳಕ್ಕೆ ಒಯ್ಯಲು ಗಾಡಿ ಇಲ್ಲ. ಇಲಾಖೆಯ ಜೀಪು ಬೀಳಗಿ ಕಡೆ ಆಪರೇಶನ್ ಕ್ಯಾಂಪಿಗೆ ಹೋಗಿತ್ತು. ಯಾರದೋ ಟ್ರ್ಯಾಕ್ಟರಿನ ಟ್ರೇಲರಿನಿಂದ ಕಬ್ಬು ಇಳಿಸಿ, ಕಬ್ಬಿನ ಒಣ ಎಲೆಯ ರವದಿ ಹಾಸಿ ಮಲಗಿಸಿಕೊಂಡೆವು. ರಸ್ತೆಯ ತುಂಬ ಕಬ್ಬಿನ ಚಕ್ಕಡಿ. ರಾಮಪ್ಪ ಮುಂದೆ ಓಡುತ್ತ ಕೈ ಬೀಸಿದ. ಚಕ್ಕಡಿಯವರು ಒಬ್ಬರಾದ ಮೇಲೆ ಒಬ್ಬರು ಇಳಿದು, ಮೂಗುದಾರ ಹಿಡಿದು, "ಹೋ, ಹೋ" ಎಂದು ಎತ್ತು ತರುಬಿ ದಾರಿ ಬಿಟ್ಟರು. ಎಲ್ಲ ಎತ್ತುಗಳೂ ನಿಂತವು. ನನ್ನ ತೊಡೆಯ ಮೇಲೆ ತಲೆಯಿಟ್ಟಿದ್ದ ಗಂಗವ್ವ ಅದನ್ನು ಕೇಳಿಸಿಕೊಂಡು ಕಣ್ಣು ಮುಚ್ಚಿದಳು.

ಮುಧೋಳದ ಡಾಕ್ಟರು ಒಳ್ಳೆಯವರು. ಅರಿವೆ ಬಿಚ್ಚಿ ನೋಡಿ ನನ್ನನ್ನು ಹೊರಗೆ ಕರೆದು, "ಕಟ್ಟಿದ್ದು ಛಲೋ ಕಟ್ಟೀರಿ ಸಿಸ್ಟರ್. ಆದ್ರ ಒಳಗ ಉಳಿಸೂ ಅಂಥಾದ್ದು ಏನೂ ಉಳದಿಲ್ಲ. ತಡಾ ಮಾಡಿದ್ರ ನಂಜು ಏರ್ತದ" ಎಂದರು. ಒಪ್ಪಿಗೆಯ ಕಾಗದ ತಂದರು. ಗಂಗವ್ವನಿಗೆ ಓದಿ ಹೇಳಿದೆ. ಅವಳು ಪೂರಾ ಕೇಳಿದಳು. ಹೆಬ್ಬೆಟ್ಟು ಒತ್ತಿಸಿ ಎಂದರು. ಅವಳು ಎಡಗೈಯನ್ನು ಚಾಚಿ, "ಇಷ್ಟ ದಿನಾ ಬಲಗೈದ ಒತ್ತೀನ್ರಿ. ಇದು ನಡೀತೇತೇನು?" ಎಂದಳು. ನಾನು ಅವಳ ಎಡಗೈ ಹೆಬ್ಬೆರಳನ್ನು ಮಸಿಗೆ ಅದ್ದಿ ಕಾಗದದ ಮೇಲೆ ಒತ್ತಿದೆ.

ತೆಗೆದ ಕೈಯನ್ನು ಮರುದಿನ ಬಿಳಿ ಅರಿವೆಯಲ್ಲಿ ಸುತ್ತಿಕೊಂಡು ರಾಮಪ್ಪ ಮತ್ತು ನಾನು ಊರಿಗೆ ಬಂದೆವು. ಹೊಲದ ಬದಿಗೆ, ಗಂಡನ ಸಮಾಧಿಯ ಮಗ್ಗುಲಲ್ಲಿ ಸಣ್ಣ ಕುಣಿ ತೋಡಿ, ವಿಭೂತಿ ಇಟ್ಟು ಹೂಳಿದರು. ಮೋನಪ್ಪ ಒಬ್ಬನೇ ಸ್ವಲ್ಪ ದೂರ ನಿಂತಿದ್ದ. ಅವನೂ ನಾನೂ ಒಬ್ಬರನ್ನೊಬ್ಬರು ನೋಡಲಿಲ್ಲ. ಆಸ್ಪತ್ರೆಗೆ ಮರಳಿದಾಗ ಗಂಗವ್ವ, "ಸರಿಯಾಗಿ ಮಣ್ಣ ಮಾಡಿದ್ರಿಲ್ಲೋ? ನಮ್ಮನಿಯವ್ರು ಕೇಳ್ತಾರಿನ್ನ, ಉಳದಾಕಿ ಎಲ್ಲದಾಳ ಅಂತ" ಎಂದು ನಗಲು ನೋಡಿದಳು. ನಗು ಅರ್ಧಕ್ಕೆ ನಿಂತಿತು.

ಮಾಘ ಮಾಸದಲ್ಲಿ ಕಾಶವ್ವ ಹೆತ್ತಳು. ಹೆಣ್ಣು ಕೂಸು. ನಾನೇ ಹಿಡಿದೆ, ಹೊಕ್ಕಳಬಳ್ಳಿ ಕತ್ತರಿಸಿದೆ, ಅಳಿಸಿದೆ. ಎರೆಯುವ ಹೊತ್ತಿಗೆ ಗಂಗವ್ವ ಯಾರ ಮಾತೂ ಕೇಳದೆ ಬಚ್ಚಲಕಲ್ಲಿನ ಮೇಲೆ ಕಾಲು ಚಾಚಿ ಕೂತಳು. ಕೂಸನ್ನು ಕಾಲ ಮೇಲೆ ಮಲಗಿಸಿದರು. ಅವಳು ಎಡಗೈಯಿಂದ ಕುತ್ತಿಗೆ ಹಿಡಿದಳು. ಆಮೇಲೆ ಇನ್ನೊಂದು ಕೈಯಿಂದ ತಂಬಿಗೆ ತೆಗೆದುಕೊಳ್ಳಲು ಮುಂದಾದಳು. ಬರೀ ಬಟ್ಟೆ ಸುತ್ತಿದ ಮೊಂಡು ಮುಂದೆ ಬಂತು. ಅದನ್ನೇ ನೋಡುತ್ತ ಕೂತಳು. ಕೂಸು ಚಳಿಗೆ ಚೀರುತ್ತಿತ್ತು. ನಾನು ಹಿಂದೆ ಕುಕ್ಕರುಗಾಲಲ್ಲಿ ಕೂತು, ಅವಳ ಕಂಕುಳ ಕೆಳಗಿನಿಂದ ನನ್ನ ಬಲಗೈ ತೂರಿಸಿ ತಂಬಿಗೆ ಹಿಡಿದು ಸುರಿದೆ. "ಮೆಲ್ಲಕ ಸುರೀರಿ, ಮಾರಿ ಮ್ಯಾಲ ಬ್ಯಾಡ" ಎಂದಳು ಗಂಗವ್ವ. ಇಪ್ಪತ್ತೊಂದು ದಿನ ದಿನಾ ಬೆಳಿಗ್ಗೆ ಹೋದೆ. ನನ್ನ ಕೈಯಲ್ಲಿ ಆಗಿದ್ದು ಅಷ್ಟೇ, ಆ ಹಂಗಾಮಿನಲ್ಲಿ ನಾನು ಮಾಡಿದ ಉಪಯೋಗದ ಕೆಲಸ ಅದೊಂದೇ ಎಂದು ಈಗಲೂ ಅನಿಸುತ್ತದೆ.

ಆಪರೇಶನ್ ಕೇಸುಗಳ ಸಂಖ್ಯೆ ಕಡಿಮೆಯಾದುದಕ್ಕೆ ನನ್ನನ್ನು ಬೇರೆಡೆಗೆ ಹಾಕಿದರು. ಹೊರಡುವ ದಿನ ಮೂರೂ ಗಾಣಗಳಲ್ಲಿ ತೊಟ್ಟಿಲು ಇರಲಿಲ್ಲ. ತುಂಡು ಹೋಗುವ ಹಾಗೆ ಚಿಕ್ಕದು ಮಾಡಿಸೋಣ, ಹಿಂದಿನಿಂದ ದೂಡಲು ಕಟ್ಟಿಗೆಯ ಕೋಲು ಇಡೋಣ ಎಂದು ಹೋಗಿ ಹೇಳಿದೆ. ಎಲ್ಲರೂ ತಲೆಯಾಡಿಸಿದರು, ಬೆಲ್ಲ ಕೊಟ್ಟರು.

ಮೊನ್ನೆ ಬಸ್ಸಿಳಿದು ವಾಸನೆಯ ಬೆನ್ನು ಹತ್ತಿ ಹೋದರೆ ಅದೇ ರಾಮಪ್ಪನ ಗಾಣ. ಅವನು ಈಗ ಇಲ್ಲ, ಮಗ ನಡೆಸುತ್ತಾನೆ. ಇಂಜಿನ್ ಹೋಗಿ ಕರೆಂಟಿನ ಮೋಟಾರು ಬಂದಿದೆ. ಅದೇ ಕಲ್ಲಿನ ಮೇಲೆ ಹದಿನೆಂಟರ ಹುಡುಗಿಯೊಬ್ಬಳು ಕೂತು ಕಬ್ಬು ಉಣಿಸುತ್ತಿದ್ದಳು. ಯಾರ ಮಗಳವ್ವಾ ಎಂದು ಕೇಳುವ ಅಗತ್ಯವೇ ಇರಲಿಲ್ಲ, ಆ ಕೈಯ ವೇಗ ನೋಡಿಯೇ ತಿಳಿಯಿತು. ಆದರೂ ಕೇಳಿದೆ.

"ಕಾಶವ್ವನ ಮಗಳ್ರಿ, ಸಾವಿತ್ರಿ. ಸಣ್ಣಾಕಿದ್ದಾಗಿಂದ ಇಲ್ಲೇ ಆಯಿ ಮನ್ಯಾಗ ಬೆಳದೇನ್ರಿ. ನೀವ್ಯಾರ್ರಿ?"

ಹೇಳಿದೆ. ಅವಳ ಮುಖ ಅರಳಿತು. "ನರ್ಸಬಾಯಾರ! ನಮ್ಮ ಆಯಿ ಸಾಯೂತನಾ ನಿಮ್ಮನ್ನ ನೆನಸ್ತಿದ್ಳು ನೋಡ್ರಿ. ನಿನ್ನ ಎರದಿದ್ದು ಎರಡ ಕೈಯಾಗ ಒಂದ ಕೈ ನರ್ಸಬಾಯಿದು ಅಂತಿದ್ಳು." ಗಂಗವ್ವ ಹೋಗಿ ಐದು ವರ್ಷವಾಯಿತಂತೆ. ಗಂಡನ ಮಗ್ಗುಲಲ್ಲಿ, ಆ ಸಣ್ಣ ಕುಣಿಯನ್ನೂ ಸೇರಿಸಿಕೊಂಡು ಮಣ್ಣು ಮಾಡಿದರಂತೆ. ಮಾತಾಡುತ್ತ ಸುತ್ತ ಕಣ್ಣಾಡಿಸಿದೆ. ಬೇವಿನ ಗಿಡದ ಕೆಳಗೆ ಒಂದು ಕರು ಉದ್ದನೆಯ ಹಲಗೆಯ ಪೆಟ್ಟಿಗೆಗೆ ಮೂತಿ ಹಾಕಿ ಮೇವು ತಿನ್ನುತ್ತಿತ್ತು. ಮೇಲಿನ ಹಲಗೆ ಇರಲಿಲ್ಲ.

"ಅದನ್ಯಾಕ ತಗದ್ರಿ?" ಎಂದೆ.

"ಅದೇನ್ರಿ? ಓ, ಕಬ್ಬಿನ ತೊಟ್ಟಲಾ! ಅದರಾಗ ತುಂಡ ಹೋಗಂಗಿಲ್ಲಂತ್ರಿ. ಆಯಿನ ಹೇಳಿದ್ಳು."

ಅಷ್ಟರಲ್ಲಿ ಒಲೆಯ ಕಡೆಯಿಂದ, "ಪಾಕ ಬಂತು ಬರ್ರೋ!" ಎಂದು ಕೂಗಿದರು. ಗಾಣದವರೆಲ್ಲ ಓಡಿದರು. ಸಾವಿತ್ರಿ ಉಳಿದ ತುಂಡುಗಳನ್ನು ಮಡಿಲಿಗೆ ಎಳೆದುಕೊಂಡಳು. ಒಂದು ಕೊಟ್ಟಳು, ಇನ್ನೊಂದು ಕೊಟ್ಟಳು. ಮೂರನೆಯದು ಅಡ್ಡವಾಯಿತು, ಬೆರಳು ಮುಂದೆ ಮಾಡಿ ನೆಟ್ಟಗೆ ದೂಡಿದಳು. ಅವಳ ಹಸಿರು ಬಳೆ ರೂಲಿಗೆ ಅಂಟಿದಷ್ಟು ಹತ್ತಿರ ಹೋಯಿತು.

"ಹೋ!" ಎಂದು ಕೂಗಿದೆ. "ಹೋ! ಹೋ!"

ಮೋಟಾರು ತಿರುಗುತ್ತಲೇ ಇತ್ತು. ಸಾವಿತ್ರಿ ನನ್ನ ಕಡೆ ಮುಖ ತಿರುಗಿಸಿ ನಕ್ಕಳು. "ಯಾರಿಗೆ ಹೋ ಅಂದ್ರಿ ಬಾಯಾರ? ಇಲ್ಲಿ ಎತ್ತ ಎಲ್ಲದಾವು?" ನಗುತ್ತಲೇ ಮತ್ತೊಂದು ತುಂಡು ಕೈಗೆತ್ತಿಕೊಂಡಳು.

ಮಡಿಲಲ್ಲಿ ಇನ್ನೂ ಏಳೆಂಟು ತುಂಡು ಉಳಿದಿದ್ದವು. ನಾನು ಅಲ್ಲೇ ನಿಂತು ಒಂದೊಂದನ್ನೂ ಎಣಿಸಿದೆ.